ನಾಲ್ಕನೇ ಹಾಡಾದ್ಮೇಲೆ ಒಂಬತ್ತು ಸೆಕೆಂಡ್

ನಮ್ಮ ಆರ್ಟ್ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ ಶುಕ್ರವಾರ ರಿಲೀಸ್ ಆಯ್ತು. ಏಳು ಹಾಡು, 41 ನಿಮಿಷ ಚಿಲ್ಲರೆ. ಮೂರು ವರ್ಷದಿಂದ ಈ ವಾಕ್ಯ ಬರೆಯೋಕೆ ಕಾಯ್ತಿದ್ದೆ, ಈಗ ಬರೆದು ನೋಡಿದ್ರೆ ಅದರಲ್ಲಿ ಏನೂ ಹೇಳಿದ ಹಾಗೇ ಆಗಿಲ್ಲ, ಅದಕ್ಕೇ ಇವತ್ತು ಕೂತು ಉದ್ದಕ್ಕೆ ಬರೀತಿದೀನಿ.

ಮಿಕ್ಸ್ ಮುಗಿದು, ಕವರ್ ಓಕೆ ಆಗಿ, ಹಾಡುಗಳ ಹೆಸರೂ ಫಿಕ್ಸ್ ಆಗಿ, ಇನ್ನೇನು ಮಾಸ್ಟರಿಂಗ್‌ಗೆ, ಅಂದ್ರೆ ರಿಲೀಸಿಗೆ ಮುಂಚೆ ಸದ್ದನ್ನ ಕೊನೇ ಸಲ ಹದ ಮಾಡೋಕೆ, ಕಳಿಸ್ಬೇಕು ಅನ್ನೋ ಹೊತ್ತಲ್ಲಿ ನಾವು ನಾಲ್ಕು ಜನ ಜೋರು ಜಗಳ ಆಡಿದ್ವಿ. ನಾಲ್ಕನೇ ಹಾಡು ಮುಗಿದು ಐದನೇ ಹಾಡು ಶುರುವಾಗೋ ಮಧ್ಯೆ ಎಷ್ಟು ಸೆಕೆಂಡ್ ಸುಮ್ನಿರ್ಬೇಕು ಅನ್ನೋದಕ್ಕೆ. ಡ್ರಮ್ಮರ್ ಒಂಬತ್ತು ಅಂದ. ನಾನು ನಾಲ್ಕು ಸಾಕು ಅಂದೆ. ಎರಡು ದಿನ ನಾನೂ ಅವನೂ ಮಾತು ಬಿಟ್ಟಿದ್ವಿ ಅಂದ್ರೆ ಹೊರಗಿನವರಿಗೆ ನಂಬೋಕೆ ಕಷ್ಟ ಆಗ್ಬಹುದು, ಆದ್ರೆ ಆ ನಾಲ್ಕನೇ ಹಾಡು ಹೇಗೆ ಹುಟ್ತು, ಹೇಗೆ ರೆಕಾರ್ಡ್ ಆಯ್ತು ಅಂತ ಹೇಳಿದ್ರೆ ಬಹುಶಃ ಅರ್ಥ ಆಗುತ್ತೆ.

ನಾನು ಬೇಸ್ ಗಿಟಾರ್ ನುಡಿಸೋನು. ಒಂದಿನ ಪ್ರಾಕ್ಟೀಸ್ ಶುರುವಾಗೋಕೆ ಮುಂಚೆ ಏಳು ಬೀಟಿನ ಒಂದು ಲೈನ್ ಹಿಡ್ಕೊಂಡು, ತಕಿಟ ತಕಧಿಮಿ ತಕಿಟ ತಕಧಿಮಿ ಅಂತ ಬಾಯಲ್ಲೇ ಎಣಿಸ್ಕೊಂಡು ಕೂತಿದ್ದೆ. ಡ್ರಮ್ಮರ್ ಬಂದ, ಕೂತ, ನಾನೇನು ನುಡಿಸ್ತಿದೀನಿ ಅಂತ ಪೂರ್ತಿ ಕೇಳಿಸ್ಕೊಳ್ಳೋ ಮುಂಚೇನೇ ನಾಲ್ಕರ ಬೀಟ್ ಹಾಕ್ಬಿಟ್ಟ. ನಿಲ್ಸೋಣ ಅಂದ್ಕೊಂಡೆ, ಯಾಕೋ ನಿಲ್ಸಲಿಲ್ಲ. ಅವನದ್ದು ನಾಲ್ಕು ನನ್ನದು ಏಳು, ಪ್ರತಿ ಸುತ್ತಿಗೂ ಒಂದಕ್ಕೊಂದು ಜಾರ್ತಾ ಜಾರ್ತಾ ದೂರ ಹೋಗಿ, ಎಲ್ಲಿದೀವಿ ಅಂತಾನೇ ಗೊತ್ತಾಗದ ಹಾಗಾಗಿ, ಆಮೇಲೆ ಇದ್ದಕ್ಕಿದ್ದಂಗೆ ಇಬ್ರ ಮೊದಲ ಬೀಟೂ ಒಂದೇ ಕಡೆ ಧೊಪ್ ಅಂತ ಬಿತ್ತು. ಲೆಕ್ಕದ ಪ್ರಕಾರ ಬೀಳ್ಲೇಬೇಕು, ಏಳ್ನಾಲ್ಕ್ಲಿ ಇಪ್ಪತ್ತೆಂಟು, ಮಗ್ಗಿ ಕಲ್ತವರಿಗೆಲ್ಲ ಗೊತ್ತಿರೋದೇ. ಆದ್ರೆ ಕೈಯಲ್ಲಿ ಅದು ಆದಾಗ ಇಬ್ರೂ ತಲೆ ಎತ್ತಿ ಮುಖ ನೋಡ್ಕೊಂಡ್ವಿ. ಆ ಇಪ್ಪತ್ತೆಂಟು ಬೀಟೇ ಮುಂದೆ 11 ನಿಮಿಷದ ಹಾಡಾಗಿದ್ದು. ಆಲ್ಬಮ್ ಮಾಡ್ಲೇಬೇಕು ಅನ್ನೋ ಹಠ ಬಂದಿದ್ದೂ ಅವತ್ತೇ, ಯಾಕಂದ್ರೆ ಅಷ್ಟುದ್ದದ ಹಾಡನ್ನ ಒಂಟಿಯಾಗಿ ಬಿಡೋಕೆ ಆಗಲ್ಲ, ಅದಕ್ಕೆ ಹೋಗೋ ದಾರಿನೂ ಬೇಕು, ಅಲ್ಲಿಂದ ವಾಪಸ್ ಬರೋ ದಾರಿನೂ ಬೇಕು.

ರೆಕಾರ್ಡಿಂಗ್‌ಗೆ ಸ್ಟುಡಿಯೋ ಬಾಡಿಗೆಗೆ ತಗೊಂಡಿದ್ದು ಎರಡೇ ದಿನ. ಬಾಕಿ ಹಾಡುಗಳಿಗೆ ಡ್ರಮ್ಸ್ ಬೇಸ್ ಮಾತ್ರ ಅಲ್ಲಿ, ಗಿಟಾರ್ ಕೀಬೋರ್ಡ್ ವಾಯ್ಸ್ ಎಲ್ಲಾ ಮನೇಲಿ. ಈ ಒಂದು ಹಾಡನ್ನ ಮಾತ್ರ ನಾಲ್ಕೂ ಜನ ಒಂದೇ ರೂಮಲ್ಲಿ ನಿಂತು ಒಟ್ಟಿಗೆ ನುಡಿಸ್ಬೇಕು ಅಂತ ತೀರ್ಮಾನ ಮಾಡಿದ್ವಿ. ಅಲ್ಲಿ ಒಂದು ತೊಂದರೆ ಬಂತು. ನಮ್ಮ ಗಿಟಾರಿಸ್ಟ್ ಹತ್ರ ಇರೋದು ಸಿಂಗಲ್ ಕಾಯಿಲ್ ಪಿಕಪ್ ಇರೋ ಗಿಟಾರು. ಆ ಪಿಕಪ್, ಅಂದ್ರೆ ತಂತಿಯ ಕಂಪನ ಹಿಡಿದು ಕರೆಂಟಾಗಿ ಮಾಡೋ ಭಾಗ, ಒಂಥರಾ ಆಂಟೆನಾ ಇದ್ದ ಹಾಗೆ, ಸುತ್ತಮುತ್ತ ಇರೋ ಕರೆಂಟ್ ವೈರು, ಟ್ರಾನ್ಸ್‌ಫಾರ್ಮರು, ಲೈಟು ಎಲ್ಲದರ ಗುಂಯ್ ಅನ್ನೋ ಸದ್ದನ್ನೂ ಎಳ್ಕೊಳ್ಳುತ್ತೆ, ನಾವು ಯಾವ ದಿಕ್ಕಿಗೆ ತಿರುಗಿ ನಿಲ್ತೀವಿ ಅನ್ನೋದರ ಮೇಲೆ ಆ ಸದ್ದು ಹೆಚ್ಚುಕಮ್ಮಿ ಆಗುತ್ತೆ. ಇಂಜಿನಿಯರ್ ಹೆಡ್‌ಫೋನ್ ಹಾಕ್ಕೊಂಡು, ಸ್ವಲ್ಪ ಎಡಕ್ಕೆ ತಿರುಗು, ಇನ್ನೂ ಸ್ವಲ್ಪ, ಹಾಂ ಅಲ್ಲೇ ನಿಲ್ಲು ಅಂತ ಹೇಳಿ, ಅವನ ಎರಡೂ ಕಾಲಿನ ಮುಂದೆ ನೆಲದ ಮೇಲೆ ಬಿಳಿ ಟೇಪ್ ಅಂಟಿಸಿದ್ರು. ಆ ಜಾಗದಲ್ಲಿ ಆ ಗುಂಯ್ ಸದ್ದು ಹೆಚ್ಚುಕಡಿಮೆ ಇಲ್ವೇ ಇಲ್ಲ. ಆದ್ರೆ ಅಲ್ಲಿ ನಿಂತ್ರೆ ಅವನ ಮುಖ ಗೋಡೆ ಕಡೆ, ಬೆನ್ನು ನಮ್ಮ ಕಡೆ. ನಾವು ಕಣ್ಸನ್ನೆ ಮಾಡಿದ್ರೂ ಅವನಿಗೆ ಕಾಣಲ್ಲ.

ಮೂರನೇ ಟೇಕ್. ಹಾಡು ಮುಗಿಯೋ ಕಡೆ ಗಿಟಾರಿಸ್ಟ್ ಪ್ರತಿಧ್ವನಿ ಹುಟ್ಟಿಸೋ ಡಿಲೇ ಪೆಡಲ್ಲಿನ ಫೀಡ್‌ಬ್ಯಾಕ್ ನಾಬ್ ಜಾಸ್ತಿ ಮಾಡ್ತಾನೆ. ಒಂದು ಮಟ್ಟ ದಾಟಿದ್ರೆ ಪೆಡಲ್ ತನ್ನದೇ ಪ್ರತಿಧ್ವನಿನ ತಾನೇ ತಿಂದು ಬೆಳೆಯೋಕೆ ಶುರು ಮಾಡುತ್ತೆ, ಯಾರೂ ತಂತಿ ಮುಟ್ಟದಿದ್ರೂ ಸದ್ದು ಏರ್ತಾನೇ ಹೋಗುತ್ತೆ. ಪ್ರಾಕ್ಟೀಸಲ್ಲಿ ಡ್ರಮ್ಮರ್ ಕೈ ಎತ್ತಿದ ತಕ್ಷಣ ಅವನು ಪೆಡಲ್ ಆಫ್ ಮಾಡೋದು ಅಂತ ಮಾತಾಗಿತ್ತು. ಇಲ್ಲಿ ಡ್ರಮ್ಮರ್ ಕೈ ಎತ್ತಿದ, ಇವನಿಗೆ ಕಾಣ್ಲಿಲ್ಲ. ಸದ್ದು ಮುಂದುವರೀತು. ಡ್ರಮ್ಮರ್ ಟೇಕ್ ಹಾಳಾಯ್ತು ಅಂದ್ಕೊಂಡು ಹೆಡ್‌ಫೋನ್ ತೆಗೆದ. ಗಿಟಾರಿಸ್ಟ್ ಗೋಡೆ ನೋಡ್ಕೊಂಡು ನಿಂತೇ ಇದಾನೆ, ಒಂದು ನಲವತ್ತು ಸೆಕೆಂಡ್ ಆ ಸದ್ದಿನ ಒಳಗೇ ನಿಂತಿದ್ದು, ಆಮೇಲೆ ಬಗ್ಗಿ, ತುಂಬಾ ನಿಧಾನಕ್ಕೆ, ನಾಬನ್ನ ಹಿಂದಕ್ಕೆ ತಿರುಗಿಸ್ದ. ಸದ್ದು ಇಳೀತಾ ಇಳೀತಾ ಬಂತು. ಇನ್ನೇನು ಪೂರ್ತಿ ಹೋಯ್ತು ಅನ್ನೋವಾಗ ಡ್ರಮ್ಮರ್ ಕಡ್ಡಿಗಳನ್ನ ಸ್ನೇರ್ ಡ್ರಮ್ ಮೇಲೆ ಇಟ್ಟ. ಟಕ್ ಅಂತು, ಅದರ ಹಿಂದೇನೇ ಸ್ನೇರ್ ಕೆಳಗಿನ ತಂತಿಗಳು ಝಿರ್ ಅಂದ್ವು.

ಇನ್ನೂ ಎರಡು ಟೇಕ್ ತಗೊಂಡ್ವಿ. ಎರಡರಲ್ಲೂ ನಾವು ಅಂದ್ಕೊಂಡ ಹಾಗೇ ಕರೆಕ್ಟಾಗಿ ಮುಗೀತು. ರಾತ್ರಿ ಮೂರನ್ನೂ ಒಟ್ಟಿಗೆ ಕೂತು ಕೇಳಿದಾಗ ಯಾರೂ ಚರ್ಚೆನೇ ಮಾಡ್ಲಿಲ್ಲ, ಮೂರನೇದೇ ಅಂತ ನಾಲ್ಕೂ ಜನಕ್ಕೆ ಗೊತ್ತಾಗೋಯ್ತು. ಆ ಟಕ್ ಝಿರ್ ಆಲ್ಬಮ್ಮಲ್ಲಿ ಹಾಗೇ ಇದೆ, ಇಯರ್‌ಫೋನ್ ಹಾಕ್ಕೊಂಡ್ರೆ ಚೆನ್ನಾಗಿ ಕೇಳ್ಸುತ್ತೆ.

ಈಗ ಪ್ರಶ್ನೆ ಬಂದಿದ್ದು, ಆ ಕಡ್ಡಿ ಇಟ್ಟ ಸದ್ದಾದ್ಮೇಲೆ ಎಷ್ಟು ಹೊತ್ತು ಅಂತ. ಸಿಡಿ ಬರ್ನ್ ಮಾಡ್ತಿದ್ದ ಕಾಲದಲ್ಲಿ ಸಾಫ್ಟ್‌ವೇರುಗಳೇ ಹಾಡಿಗೂ ಹಾಡಿಗೂ ಮಧ್ಯೆ ಸಾಮಾನ್ಯವಾಗಿ 2 ಸೆಕೆಂಡ್ ಇಡ್ತಿದ್ವು, ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಆ ಎರಡು ಸೆಕೆಂಡೇ ಅಭ್ಯಾಸ ಆಗಿದೆ. ಸ್ಟ್ರೀಮಿಂಗಲ್ಲಿ ನಮಗೆ ಬೇಕಾದ ಮೌನನ ನಾವೇ ಹಾಡಿನ ಫೈಲಿನ ಕೊನೇಲಿ ಸೇರಿಸಿ ಕಳಿಸ್ಬೇಕು, ಇಲ್ಲಾಂದ್ರೆ ಒಂದು ಫೈಲ್ ಮುಗಿದ ತಕ್ಷಣ ಇನ್ನೊಂದು. ನನ್ನ ವಾದ ಏನಿತ್ತು ಅಂದ್ರೆ, ಕೇಳೋರು ಫೋನಲ್ಲಿ ಕೇಳ್ತಿರ್ತಾರೆ, ನಾಲ್ಕೈದು ಸೆಕೆಂಡಿಗಿಂತ ಜಾಸ್ತಿ ಸದ್ದಿಲ್ಲಾಂದ್ರೆ ನೆಟ್ ಹೋಯ್ತು ಅಂದ್ಕೊಂಡು ಆಪ್ ಕ್ಲೋಸ್ ಮಾಡ್ಬಿಡ್ತಾರೆ. ಡ್ರಮ್ಮರ್ ಬ್ರಿಟನ್ನಿನ ಟಾಕ್ ಟಾಕ್ ಬ್ಯಾಂಡಿನ ಉದಾಹರಣೆ ತೆಗೆದ. 1991ರ ಅವರ ಕೊನೆ ಆಲ್ಬಮ್ ಲಾಫಿಂಗ್ ಸ್ಟಾಕ್ ಶುರುವಾಗೋದೇ ಹಾಗೆ, ಹತ್ತಕ್ಕೂ ಹೆಚ್ಚು ಸೆಕೆಂಡ್ ಆಂಪ್ಲಿಫೈಯರ್ ಹಿಸ್ ಬಿಟ್ರೆ ಬೇರೇನೂ ಇಲ್ಲ. ಅವರು ಮಾಡಿದ್ರೆ ನಾವು ಯಾಕೆ ಮಾಡ್ಬಾರ್ದು ಕಣೋ ಅಂದ. ಅವರು ಅಷ್ಟೊತ್ತಿಗೆ ದೊಡ್ಡ ಹೆಸರು ಮಾಡಿದ್ರು, ನಮ್ಮ ಹೆಸರು ಯಾರಿಗೂ ಗೊತ್ತಿಲ್ಲ ಅಂದೆ. ಮಾತು ಅಲ್ಲಿಂದ ಎಲ್ಲೆಲ್ಲಿಗೋ ಹೋಯ್ತು.

ಬಗೆಹರಿಸಿದ್ದು ನಮ್ಮ ಸಿಂಗರ್. ಐದನೇ ಹಾಡು ಅವಳ ದನಿ ಒಂದರಿಂದಲೇ ಶುರುವಾಗುತ್ತೆ, ಮೊದಲ ನಾಲ್ಕು ಸಾಲು ಯಾವ ವಾದ್ಯನೂ ಇಲ್ಲ. ಅವಳು ಹೇಳಿದ್ಲು, ನೀವಿಬ್ರೂ ಸುಮ್ನಿರಿ, ನಾಲ್ಕನೇ ಹಾಡಿನ ಕೊನೆ ಎರಡು ನಿಮಿಷ ಹಾಕಿ, ನಾನು ಕಣ್ಮುಚ್ಚಿ ಕೇಳ್ತೀನಿ, ನಂಗೆ ಹಾಡ್ಬೇಕು ಅನ್ನಿಸಿದಾಗ ಹಾಡ್ತೀನಿ, ಟೈಮ್ ನೋಡಿ. ಮೂರು ಸಲ ಮಾಡಿದ್ವಿ. ಎಂಟೂವರೆ, ಹತ್ತು, ಒಂಬತ್ತು. ನಾನು ಸ್ಟಾಪ್‌ವಾಚ್ ಹಿಡ್ಕೊಂಡಿದ್ದೆ, ಮೂರನೇ ಸಲ ನಂಬರ್ ನೋಡಿ ಆಯ್ತು ಒಂಬತ್ತೇ ಇರ್ಲಿ ಅಂದೆ. ರೂಮಿನ ಸದ್ದು ಮೆಲ್ಲಗೆ ಫೇಡ್ ಆಗಿ ಆಮೇಲೆ ಪೂರ್ತಿ ಸೊನ್ನೆ, ಆಮೇಲೆ ಅವಳ ದನಿ.

ಬಹಳ ಜನ ಸ್ನೇಹಿತರು ನಮಗೆ ಹೇಳಿದ್ರು, ಆಲ್ಬಮ್ ಯಾಕೆ ಮಾಡ್ತೀರಾ, ಎರಡು ತಿಂಗಳಿಗೊಂದು ಸಿಂಗಲ್ ಬಿಡಿ ಅಂತ. ಅವರ ಮಾತಲ್ಲಿ ಲೆಕ್ಕ ಇದೆ, ಅಲ್ಲಗಳೆಯಲ್ಲ. ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡ್ ಓಡಿದ್ರೆ ಒಂದು ಪ್ಲೇ ಅಂತ ಲೆಕ್ಕ, ಅಂದ್ರೆ ನಮ್ಮ 11 ನಿಮಿಷದ ಹಾಡನ್ನ ಯಾರಾದ್ರೂ ಪೂರ್ತಿ ಕೇಳಿದ್ರೂ ಒಂದೇ, ಯಾರೋ ಎರಡು ನಿಮಿಷದ ಹಾಡು ಕೇಳಿದ್ರೂ ಒಂದೇ. ಅದರ ಮೇಲೆ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲ ಪ್ಲೇ ಆಗದ ಹಾಡಿಗೆ ಅಲ್ಲಿ ರೆಕಾರ್ಡಿಂಗ್ ರಾಯಲ್ಟಿನೇ ಇಲ್ಲ. ಹೊಸ ಬ್ಯಾಂಡಿನ ಆಲ್ಬಮ್ಮಲ್ಲಿ ಐದನೇದೋ ಆರನೇದೋ ಹಾಡು ಆ ಸಾವಿರ ಮುಟ್ಟೋದು ಸುಲಭ ಅಲ್ಲ. ಇದೆಲ್ಲ ಗೊತ್ತಿದ್ದೂ ಆಲ್ಬಮ್ ಮಾಡಿದ್ವಿ. ಯಾಕಂದ್ರೆ ಆ ಎರಡನೇ ಹಾಡಿನ ಸಣ್ಣ ದನಿ ಇಲ್ದೆ ನಾಲ್ಕನೇದರ ದೊಡ್ಡ ಸದ್ದಿಗೆ ಬೆಲೆ ಇಲ್ಲ, ಆ ಒಂಬತ್ತು ಸೆಕೆಂಡ್ ಇಲ್ದೆ ಐದನೇದು ಅಷ್ಟು ಒಂಟಿಯಾಗಿ ಕೇಳ್ಸಲ್ಲ, ಬಿಡಿಬಿಡಿಯಾಗಿ ಕೊಟ್ರೆ ನಾವು ಮಾಡಿದ್ದರಲ್ಲಿ ಅರ್ಧ ಕೊಟ್ಟ ಹಾಗೆ.

ಇದು ಬರೀ ಭಾವನೆ ಮಾತು ಅಂತ ನಾನೂ ಅಂದ್ಕೊಂಡಿದ್ದೆ, ಮಾಸ್ಟರಿಂಗ್ ಮಾಡೋರ ಹತ್ರ ಹೋದಾಗ ಗೊತ್ತಾಯ್ತು ಇದಕ್ಕೆ ಟೆಕ್ನಿಕಲ್ ಕಾರಣನೂ ಇದೆ ಅಂತ. ಸ್ಟ್ರೀಮಿಂಗ್ ಆಪುಗಳು ಎಲ್ಲಾ ಹಾಡಿನ ಜೋರನ್ನೂ ಒಂದು ಮಟ್ಟಕ್ಕೆ ತರ್ತವೆ, ಸ್ಪಾಟಿಫೈ ಮಾಮೂಲಿಯಾಗಿ ಇಟ್ಟಿರೋದು ಮೈನಸ್ 14 ಎಲ್‌ಯುಎಫ್‌ಎಸ್, ಅದು ಸದ್ದಿನ ಜೋರು ಅಳೆಯೋ ಮಾನ. ಆಲ್ಬಮ್ಮನ್ನ ಸಾಲಾಗಿ ಹಾಕಿದ್ರೆ ಪೂರ್ತಿ ಆಲ್ಬಮ್ಮಿಗೆ ಒಂದೇ ಲೆಕ್ಕ ಹಿಡಿದು ಒಟ್ಟಿಗೆ ಏರಿಸೋದು ಇಳಿಸೋದು ಮಾಡುತ್ತೆ, ಅಂದ್ರೆ ಮೆತ್ತಗಿರೋ ಹಾಡು ಮೆತ್ತಗೇ ಉಳಿಯುತ್ತೆ. ಅದೇ ಷಫಲ್ ಹಾಕಿದ್ರೆ ಒಂದೊಂದು ಹಾಡನ್ನೂ ಬೇರೆಬೇರೆಯಾಗಿ ಅಳೆದು ಮಟ್ಟಕ್ಕೆ ತರುತ್ತೆ. ನಮ್ಮ ಎರಡನೇ ಹಾಡು ಒಂದು ಕೀಬೋರ್ಡು ಮತ್ತೆ ಪಿಸುಮಾತಿನಂಥ ದನಿ ಅಷ್ಟೆ, ಕೇಳೋರು ಸ್ವಲ್ಪ ಮುಂದಕ್ಕೆ ಬಾಗ್ಬೇಕು ಅಂತಾನೇ ಅಷ್ಟು ಸಣ್ಣದಾಗಿ ಇಟ್ಟಿದ್ದು. ಷಫಲ್ಲಲ್ಲಿ ಅದು ಮೇಲಕ್ಕೆ ಎದ್ದು ಕೂರುತ್ತೆ. ಹಾಡು ಅದೇ, ಆದ್ರೆ ಅದು ಕೂತಿದ್ದ ಜಾಗ ಹೋಯ್ತು. ಇದನ್ನ ಕೇಳಿದ ದಿನದಿಂದ ನಾನು ಯಾರ ಆಲ್ಬಮ್ಮನ್ನೂ ಮೊದಲ ಸಲ ಷಫಲ್ಲಲ್ಲಿ ಕೇಳಿಲ್ಲ.

ಆರ್ಟ್ ರಾಕ್ ಅಂದ್ರೆ ಏನು ಅಂತ ಮನೇಲೂ ಕೇಳ್ತಾರೆ, ಆಫೀಸಲ್ಲೂ ಕೇಳ್ತಾರೆ. ನಂಗೆ ಡೆಫಿನಿಷನ್ ಕೊಡೋಕೆ ಬರಲ್ಲ. 1960ರ ದಶಕದ ಕೊನೇಲಿ ಕೆಲವರು ರಾಕ್ ವಾದ್ಯಗಳನ್ನೇ ಇಟ್ಕೊಂಡು, ಮೂರು ನಿಮಿಷ, ಪಲ್ಲವಿ ಚರಣ ಪಲ್ಲವಿ ಅನ್ನೋ ಕಟ್ಟು ಬಿಟ್ಟು, ಸ್ಟುಡಿಯೋನೇ ಒಂದು ವಾದ್ಯದ ಥರ ಬಳಸಿ, ಆಲ್ಬಮ್ ಅಂದ್ರೆ ಪೂರ್ತಿ ಒಂದು ಕೃತಿ ಅಂತ ನೋಡೋಕೆ ಶುರು ಮಾಡಿದ್ರು, ಅಲ್ಲಿಂದ ಬಂದ ದಾರಿ ಇದು ಅಂತ ಹೇಳ್ತೀನಿ. ಇನ್ನೂ ಕೇಳಿದ್ರೆ ಕಿಂಗ್ ಕ್ರಿಮ್ಸನ್ ಕಥೆ ಹೇಳ್ತೀನಿ, ಅದು ನಂಗೆ ತುಂಬಾ ಇಷ್ಟ. 1969ರ ಜನವರೀಲಿ ಮೊದಲ ಪ್ರಾಕ್ಟೀಸ್ ಮಾಡಿದ ಬ್ಯಾಂಡು, ಅದೇ ವರ್ಷ ಅಕ್ಟೋಬರ್ 10ಕ್ಕೆ ಮೊದಲ ಆಲ್ಬಮ್ ತಂತು. ಐದೇ ಹಾಡು. ಪ್ರೊಡ್ಯೂಸ್ ಮಾಡಿದ್ದೂ ಅವರೇ. ಕವರ್ ಮೇಲೆ ಬಾಯಿ ತೆರೆದು ಕಿರುಚ್ತಿರೋ ಆ ಕೆಂಪು ಮುಖ ಇದೆಯಲ್ಲ, ಅದನ್ನ ಬರೆದ ಬ್ಯಾರಿ ಗಾಡ್ಬರ್ ಕಂಪ್ಯೂಟರ್ ಪ್ರೋಗ್ರಾಮರ್ ಆಗಿ ಕೆಲಸ ಮಾಡ್ತಿದ್ದ ಹುಡುಗ. ಆಲ್ಬಮ್ ಬಂದ ಕೆಲವೇ ತಿಂಗಳಿಗೆ, 1970ರ ಫೆಬ್ರವರೀಲಿ, 24ನೇ ವಯಸ್ಸಿಗೆ ತೀರಿಕೊಂಡ. ಅವನು ಮಾಡಿದ ಆಲ್ಬಮ್ ಕವರ್ ಅದೊಂದೇ. ಆ ಚಿತ್ರ ನೋಡಿದಾಗಲೆಲ್ಲ ಅವನ ನೆನಪಾಗುತ್ತೆ ನಂಗೆ, ಸಂಗೀತದಷ್ಟೇ ಗಾಢವಾಗಿ.

ನಮ್ಮ ಕವರ್ ಮಾಡಿದವರೂ ಹಿಂದೆ ಯಾವತ್ತೂ ಕವರ್ ಮಾಡಿದವರಲ್ಲ. ಸಿಂಗರ್‌ನ ಅಕ್ಕ, ಇದ್ದಿಲಲ್ಲಿ ಚಿತ್ರ ಬರೀತಾರೆ. ಆಲ್ಬಮ್ಮನ್ನ ಸಾಲಾಗಿ ಆರು ಸಲ ಕೇಳಿ, ಒಂದು ದೊಡ್ಡ ಕಾಗದದ ತುಂಬಾ ಇದ್ದಿಲು ಉಜ್ಜಿ ಕಪ್ಪು ಮಾಡಿ, ಮಧ್ಯೆ ರಬ್ಬರಲ್ಲಿ ಒಂದು ಉದ್ದ ಪಟ್ಟಿ ಅಳಿಸಿದ್ರು. ಇದೇನಕ್ಕಾ ಅಂತ ಕೇಳಿದ್ದಕ್ಕೆ, ನಾಲ್ಕನೇದಾದ್ಮೇಲೆ ಬರುತ್ತಲ್ಲ, ಅದು ಅಂದ್ರು. ನಾವು ಜಗಳ ಆಡಿದ ವಿಷಯ ಅವರಿಗೆ ಯಾರೂ ಹೇಳಿರ್ಲಿಲ್ಲ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ಲೇಬಲ್ ಇಲ್ಲ. ಸ್ಟುಡಿಯೋ, ಮಿಕ್ಸ್, ಮಾಸ್ಟರಿಂಗ್ ಎಲ್ಲಾ ನಮ್ಮ ಸಂಬಳದ್ದೇ, ಆಮೇಲೆ ಸ್ವಲ್ಪ ಬ್ಯಾಂಡ್‌ಕ್ಯಾಂಪಲ್ಲಿ, ಬ್ಯಾಂಡುಗಳೇ ನೇರವಾಗಿ ಸಂಗೀತ ಮಾರೋ ಸೈಟಲ್ಲಿ, ಪ್ರೀ-ಆರ್ಡರ್ ತಗೊಂಡ್ವಿ, ಅಲ್ಲಿ ಡಿಜಿಟಲ್ ಮಾರಾಟದಲ್ಲಿ ಅವರು 15% ಹಿಡ್ಕೊಂಡು ಉಳಿದಿದ್ದು ನಮಗೆ, ಪೇಮೆಂಟ್ ಪ್ರೊಸೆಸಿಂಗ್ ಖರ್ಚು ಬೇರೆ. ಕೇಳೋರ ಹತ್ರ ಮುಂಚೇನೇ ಕೇಳೋಕೆ ಸಂಕೋಚ ಆಗಿತ್ತು ನಂಗೆ. ಆದ್ರೆ ಬ್ರಿಟನ್ನಿನ ಮಾರಿಲಿಯನ್ ಬ್ಯಾಂಡು 2001ರ ತಮ್ಮ ಆಲ್ಬಮ್ಮಿಗೆ 12,000ಕ್ಕೂ ಹೆಚ್ಚು ಅಭಿಮಾನಿಗಳ ಹತ್ರ ರೆಕಾರ್ಡ್ ಮಾಡೋಕೆ ಮುಂಚೇನೇ ಆರ್ಡರ್ ತಗೊಂಡಿತ್ತು, ಕ್ರೌಡ್‌ಫಂಡಿಂಗ್ ಅನ್ನೋ ಪದ ಬಳಕೆಗೆ ಬರೋ ಎಷ್ಟೋ ಮುಂಚೆ. ಅದನ್ನ ಓದಿ ಧೈರ್ಯ ಬಂತು. ನಮಗೆ ಬಂದಿದ್ದು 63 ಆರ್ಡರ್. ಆ 63 ಜನದ ಹೆಸರೂ ಒಳಗಿನ ಪುಟದಲ್ಲಿದೆ, ಪ್ರೂಫ್ ನಾನೇ ಓದಿದ್ದು, ಒಂದೊಂದು ಅಕ್ಷರನೂ ಎರಡೆರಡು ಸಲ.

ಒಂದು ಕಡೆ ಎಡವಿದ್ವಿ. ಆರನೇ ಹಾಡಿಂದ ಏಳನೇ ಹಾಡಿಗೆ ಮಧ್ಯೆ ಗ್ಯಾಪೇ ಇಲ್ಲ, ಒಂದೇ ಕೀಬೋರ್ಡ್ ಸ್ವರ ಎರಡೂ ಹಾಡಿನ ಮೇಲೆ ಸೇತುವೆ ಥರ ಹಾದು ಹೋಗುತ್ತೆ. ರಿವ್ಯೂ ಬರೆಯೋರಿಗೆ ಮುಂಚಿತವಾಗಿ ಕಳಿಸೋಕೆ ಅಂತ ನಾನು ಅರ್ಜೆಂಟಲ್ಲಿ ಎಂಪಿ3 ಮಾಡಿ ಕಳಿಸ್ಬಿಟ್ಟೆ. ಎಂಪಿ3 ಎನ್‌ಕೋಡರ್ ಫೈಲಿನ ಆದಿ ಅಂತ್ಯದಲ್ಲಿ ತಾನೇ ಒಂದಿಷ್ಟು ಖಾಲಿ ಸ್ಯಾಂಪಲ್ ಸೇರಿಸುತ್ತೆ, ಪ್ಲೇಯರ್ ಅದನ್ನ ಸರಿಯಾಗಿ ಕತ್ತರಿಸದಿದ್ರೆ ಆ ಸ್ವರ ಮಧ್ಯದಲ್ಲಿ ಪಟ್ ಅಂತ ಕಡಿದು ಮತ್ತೆ ಶುರುವಾಗುತ್ತೆ. ಒಬ್ರು ಫೋನ್ ಮಾಡಿ, ಆರನೇ ಹಾಡಿನ ಕೊನೇಲಿ ಏನೋ ಬಿರುಕು ಇದೆಯಲ್ಲ, ಬೇಕಂತ ಮಾಡಿದ್ದಾ ಅಂತ ಕೇಳಿದ್ರು. ಎದೆ ಧಸಕ್ ಅಂತು. ಒಂದು ಗ್ಯಾಪ್ ಇಡೋಕೆ ಎರಡು ದಿನ ಮಾತು ಬಿಟ್ಟೋರು ನಾವು, ಬೇಡದ ಕಡೆ ಗ್ಯಾಪ್ ಬಂದು ಕೂತಿತ್ತು. ಆ ರಾತ್ರಿನೇ ಎಲ್ರಿಗೂ ಸದ್ದಲ್ಲಿ ಏನೂ ಕಳ್ಕೊಳ್ಳದ ಫ್ಲ್ಯಾಕ್ ಫೈಲ್ ಮತ್ತೆ ಕಳಿಸಿ ಕ್ಷಮೆ ಕೇಳಿದೆ. ನೀವೂ ಆಲ್ಬಮ್ ಮಾಡ್ತಿದ್ರೆ ದಯವಿಟ್ಟು ಯಾರಿಗೂ ಎಂಪಿ3 ಕಳಿಸ್ಬೇಡಿ, ಅದರಲ್ಲೂ ಹಾಡುಗಳು ಒಂದಕ್ಕೊಂದು ಅಂಟಿಕೊಂಡಿದ್ರೆ.

ವಿನೈಲ್ ತಟ್ಟೆ ಕೂಡ ನೂರು ಕಾಪಿ ಮಾಡಿಸ್ತಿದೀವಿ. ಟೆಸ್ಟ್ ಪ್ರೆಸಿಂಗ್, ಅಂದ್ರೆ ಪರೀಕ್ಷೆಗೆ ಅಂತ ಮೊದಲು ಒತ್ತಿದ ತಟ್ಟೆ, ಬಂದಿದೆ. 12 ಇಂಚಿನ ಎಲ್‌ಪಿಲಿ ಒಂದು ಸೈಡಿಗೆ 20-22 ನಿಮಿಷಕ್ಕಿಂತ ಜಾಸ್ತಿ ತುಂಬಿದ್ರೆ ಸದ್ದು ಸಣ್ಣಗಾಗ್ತಾ ಹೋಗುತ್ತೆ, ಹಾಗಾಗಿ ನಾಲ್ಕನೇ ಹಾಡು ಎ ಸೈಡಿನ ಕೊನೇಗೆ ಬಂದಿದೆ. ಅಲ್ಲೊಂದು ಕಷ್ಟ ಇತ್ತು. ತಟ್ಟೆ ತಿರುಗೋ ವೇಗ ನಿಮಿಷಕ್ಕೆ ಮೂವತ್ಮೂರು ಮತ್ತೆ ಮೂರನೇ ಒಂದು ಭಾಗ ಸುತ್ತು, ಅದು ಬದಲಾಗಲ್ಲ, ಆದ್ರೆ ಮಧ್ಯಕ್ಕೆ ಹೋದ ಹಾಗೆ ಸುತ್ತು ಚಿಕ್ಕದಾಗುತ್ತೆ, ಒಂದು ಸೆಕೆಂಡಿಗೆ ಸೂಜಿ ಕೆಳಗೆ ಹಾದುಹೋಗೋ ಗ್ರೂವಿನ, ಅಂದ್ರೆ ತಟ್ಟೆ ಮೇಲಿನ ಗೀರಿನ, ಉದ್ದನೂ ಕಮ್ಮಿಯಾಗುತ್ತೆ, ಚೂಪು ಸದ್ದುಗಳು ಅಲ್ಲಿ ಒಡೆದ ಹಾಗೆ ಕೇಳ್ಸುತ್ತೆ. ನಮ್ಮ ಅತಿ ಚೂಪು ಸದ್ದು, ಆ ಪೆಡಲ್ ಸದ್ದು, ಸರಿಯಾಗಿ ಅಲ್ಲೇ ಬಂದು ಕೂತಿದೆ. ಮಾಸ್ಟರಿಂಗ್ ಮಾಡೋರು ವಿನೈಲಿಗೆ ಅಂತಾನೇ ಬೇರೆ ಮಾಸ್ಟರ್ ಮಾಡಿ ಮೇಲಿನ ಫ್ರೀಕ್ವೆನ್ಸಿಗಳನ್ನ ಸ್ವಲ್ಪ ತಗ್ಗಿಸಿಕೊಟ್ರು. ಟೆಸ್ಟ್ ಪ್ರೆಸಿಂಗಲ್ಲಿ ಕೇಳಿದಾಗ ಅದು ಸ್ವಲ್ಪ ಮಬ್ಬಾಗಿದೆ ನಿಜ, ಕತ್ತಲಲ್ಲಿ ದೂರ ಹೋಗ್ತಿರೋ ಹಾಗಿದೆ. ಗಿಟಾರಿಸ್ಟ್‌ಗೆ ಅದೇ ಇಷ್ಟ ಆಗಿದೆ. ಇನ್ನು ಒಂಬತ್ತು ಸೆಕೆಂಡ್? ವಿನೈಲಲ್ಲಿ ಅದು ಇಲ್ವೇ ಇಲ್ಲ. ಎದ್ದು ಹೋಗಿ, ಸೂಜಿ ಎತ್ತಿ, ತಟ್ಟೆ ಮಗುಚಿ, ಮತ್ತೆ ಸೂಜಿ ಇಡೋವರೆಗೂ ಕೇಳೋರದ್ದೇ ಮೌನ, ಎಷ್ಟು ಬೇಕಾದ್ರೂ ಇಟ್ಕೊಳ್ಳಲಿ.

ಗುರುವಾರ ರಾತ್ರಿ ಹನ್ನೆರಡಕ್ಕೆ ಆಲ್ಬಮ್ ಎಲ್ಲಾ ಕಡೆ ಬಂತು. 2015ರ ಜುಲೈ 10ರಿಂದ ಪ್ರಪಂಚದ ಬಹುಪಾಲು ಕಡೆ ಹೊಸ ಸಂಗೀತ ಬರೋದು ಶುಕ್ರವಾರವೇ, ಹಾಗಾಗಿ ಅದೇ ರಾತ್ರಿ ಬಂದ ಸಾವಿರಾರು ಆಲ್ಬಮ್ಮಲ್ಲಿ ನಮ್ಮದೂ ಒಂದು. ನಾಲ್ಕೂ ಜನ ಪ್ರಾಕ್ಟೀಸ್ ರೂಮಲ್ಲಿ ಲೈಟ್ ಆರಿಸಿ, ಕೇಳೋರು ಹೇಗೆ ಕೇಳ್ತಾರೋ ಹಾಗೇ, ಆಪಲ್ಲೇ ಹಾಕಿ ಮೊದಲಿಂದ ಕೊನೇವರೆಗೂ ಕೇಳಿದ್ವಿ. ನೂರಾರು ಸಲ ಕೇಳಿದ್ದೇ. ಆದ್ರೂ ಆ ಕಡ್ಡಿ ಇಟ್ಟ ಸದ್ದಾದ್ಮೇಲೆ ನಾನು ಉಸಿರು ಬಿಗಿ ಹಿಡಿದಿದ್ದೆ, ಪಕ್ಕದಲ್ಲಿ ಡ್ರಮ್ಮರ್ ಕೂಡ ಹಿಡಿದಿದ್ದು ಗೊತ್ತಾಗ್ತಿತ್ತು.

ಭಾನುವಾರ ಒಂದು ಮೆಸೇಜ್ ಬಂತು, ಪರಿಚಯ ಇಲ್ಲದವರಿಂದ. ನಡ್ಕೊಂಡು ಹೋಗ್ತಾ ಕೇಳ್ತಿದ್ರಂತೆ. ನಾಲ್ಕನೇ ಹಾಡು ಮುಗಿದಾಗ ಫೋನ್ ಆಫ್ ಆಯ್ತು ಅಂದ್ಕೊಂಡು ನಿಂತು, ಜೇಬಿಂದ ತೆಗೆದು ಸ್ಕ್ರೀನ್ ನೋಡ್ತಿರುವಾಗಲೇ ಕಿವೀಲಿ ಆ ದನಿ ಬಂತಂತೆ, ಆ ಹಾಡು ಮುಗಿಯೋವರೆಗೂ ಅಲ್ಲೇ ನಿಂತು ಕೇಳಿದ್ರಂತೆ. ಗ್ರೂಪಿಗೆ ಹಾಕಿದೆ. ಡ್ರಮ್ಮರ್ ಏನೂ ಬರೀಲಿಲ್ಲ, ಫೋನ್ ಮಾಡಿ ಎರಡು ನಿಮಿಷ ಬೇರೆ ಏನೇನೋ ಮಾತಾಡಿ ಇಟ್ಟ. ನಾನೇ ವಾಪಸ್ ಫೋನ್ ಮಾಡಿ, ನೀನು ಹೇಳಿದ್ದೇ ಸರಿ ಕಣೋ ಅಂದೆ.

ಮುಂದಿನ ಶನಿವಾರ ಲಾಂಚ್ ಶೋ, ಪೂರ್ತಿ ಆಲ್ಬಮ್ಮನ್ನ ಇದೇ ಸಾಲಲ್ಲಿ ನುಡಿಸ್ತೀವಿ. ಸ್ಟೇಜ್ ಮೇಲೆ ನಾಲ್ಕನೇ ಹಾಡು ಮುಗಿದ ತಕ್ಷಣ ಜನ ಚಪ್ಪಾಳೆ ಹೊಡೀತಾರೆ, ಹೊಡೀಬೇಡಿ ಅಂತ ಹೇಳೋಕಾಗಲ್ಲ, ಹೇಳೋಕೂ ಬಾರ್ದು. ಸಿಂಗರ್ ಹೇಳ್ತಿದಾಳೆ, ಚಪ್ಪಾಳೆ ನಿಂತ ಮೇಲೆ ಅಲ್ಲಿಂದ ಎಣಿಸೋಣ ಅಂತ. ಗಿಟಾರಿಸ್ಟ್ ಪೆಡಲ್ ಸದ್ದನ್ನ ಪೂರ್ತಿ ಇಳಿಸದೆ ಸಣ್ಣದಾಗಿ ಬಿಟ್ಟಿರ್ತೀನಿ, ಆಗ ಮುಗೀತು ಅಂತ ಯಾರಿಗೂ ಅನ್ಸಲ್ಲ ಅಂತಿದಾನೆ. ಬುಧವಾರ ಪ್ರಾಕ್ಟೀಸಿಗೆ ಇಬ್ರು ಮೂವರು ಸ್ನೇಹಿತರನ್ನ ಕರೆದು ಕೂರಿಸಿ ಎರಡೂ ಥರ ನುಡಿಸಿ ನೋಡ್ಬೇಕು.